ಮಹಾದೇವನ ಬೆಟ್ಟಕ್ಕೆ ಎರಡು ರಾತ್ರಿಯ ಬುತ್ತಿ

ನಾಗರ ಪಂಚಮಿಗೆ ಇನ್ನೂ ಒಂದು ವಾರವಿರುವಾಗಲೇ ನಾಗಪುರದಿಂದ ಸಾವನೇರ್, ಸೌಸರ್ ದಾಟಿ ಛಿಂದವಾಡಾ ಕಡೆಗೆ ಹೋಗುವ ಬಸ್ಸು, ಜೀಪುಗಳಲ್ಲಿ ಕಾಲಿಡಲು ಜಾಗ ಸಿಗುವುದಿಲ್ಲ. ವಿದರ್ಭದ ರೈತರು, ಕೂಲಿಯವರು, ನಗರದ ಹಳೇ ಓಣಿಗಳ ಕುಟುಂಬಗಳು ಪಚಮಢಿಯ ನಾಗದ್ವಾರಿ ಯಾತ್ರೆಗೆ ಹೊರಟಿರುತ್ತಾರೆ. ಒಬ್ಬೊಬ್ಬರ ಹತ್ತಿರ ಒಂದು ಬಟ್ಟೆಯ ಚೀಲ, ಒಂದು ಹೊದಿಕೆ, ಮಳೆಗೆಂದು ಪ್ಲಾಸ್ಟಿಕ್ ಹಾಳೆ, ಕೈಯಲ್ಲೊಂದು ಕೋಲು. ಅಷ್ಟೇ ಸಾಮಾನು. ಸುರಿಯುವ ಮಳೆಯಲ್ಲಿ ದಿನವಿಡೀ ಏರಿಳಿದು, ಹಳ್ಳ ದಾಟಿ, ಕಬ್ಬಿಣದ ಏಣಿ ಹತ್ತಿ, ಬಂಡೆಯ ಸೀಳಿನಂಥ ಗುಹೆಯಲ್ಲಿ ನಾಗದೇವರ ದರ್ಶನ ಮಾಡಿ ಅವರು ಹಿಂತಿರುಗುತ್ತಾರೆ. ದಾರಿಯುದ್ದಕ್ಕೂ ವಿದರ್ಭದ ಸೇವಾ ಮಂಡಳಿಗಳು ಚಪ್ಪರ ಹಾಕಿ ಊಟ ಬಡಿಸುತ್ತವೆ. ರಾತ್ರಿಗೆ ಅದೇ ಚಪ್ಪರದ ಕೆಳಗೆ ನಿದ್ದೆ.

ಈ ದಾರಿ ಇರುವುದು ಸಾತ್ಪುಡಾ ಹುಲಿ ಸಂರಕ್ಷಿತ ಪ್ರದೇಶದೊಳಗೆ. ಮಧ್ಯಪ್ರದೇಶದ ಹುಲಿ ಕಾಡುಗಳ ಒಡಲು ಪ್ರತಿ ವರ್ಷ ಜುಲೈ 1ರಿಂದ ಸೆಪ್ಟೆಂಬರ್ 30ರವರೆಗೆ ಪ್ರವಾಸಿಗರಿಗೆ ಮುಚ್ಚಿರುತ್ತದೆ. ಹಣ ಕೊಟ್ಟು ಸಫಾರಿಗೆ ಹೋಗುವವರಿಗೂ ಆಗ ಪ್ರವೇಶವಿಲ್ಲ. ಆ ಮೂರು ತಿಂಗಳ ನಡುವೆ ಹತ್ತು ದಿನಗಳಷ್ಟು ಕಾಲ ಈ ಬಡ ಯಾತ್ರಿಕರಿಗಾಗಿ ಮಾತ್ರ ಕಾಡಿನ ಈ ದಾರಿ ತೆರೆದುಕೊಳ್ಳುತ್ತದೆ.

ಕಡಿಮೆ ಖರ್ಚಿನಲ್ಲಿ ಶನಿವಾರ ಭಾನುವಾರ ಬೆಟ್ಟ ಹತ್ತಿ ಬರಬೇಕು, ಹೇಗೆ ಹೊರಡುವುದು ಎಂದು ಕೇಳುವ ನಾಗಪುರದ ಕನ್ನಡದ ಹುಡುಗ ಹುಡುಗಿಯರಿಗೆ ನಾನು ಮೊದಲು ತೋರಿಸುವುದು ಈ ಯಾತ್ರಿಕರನ್ನೇ. ಮಿಹಾನ್ ಕಡೆಯ ಕಚೇರಿಗಳಿಗೆ ಬೆಂಗಳೂರು, ಹುಬ್ಬಳ್ಳಿ, ಕಲಬುರಗಿಯಿಂದ ಬಂದ ಈ ಮಕ್ಕಳು ಚಾರಣ ಎಂದೊಡನೆ ಟೆಂಟು, ಬೂಟು, ಸ್ಲೀಪಿಂಗ್ ಬ್ಯಾಗುಗಳ ಬೆಲೆ ಹುಡುಕುತ್ತಾರೆ. ಬೆಲೆ ನೋಡಿ ಎದೆಗುಂದಿ, ಪ್ಯಾಕೇಜು ಮಾರುವವರ ಕೈಗೆ ಸಿಗುತ್ತಾರೆ. ನಿಜವಾಗಿ ಖರ್ಚನ್ನು ತೀರ್ಮಾನಿಸುವುದು ಸಾಮಾನಲ್ಲ. ಯಾವ ತಿಂಗಳು ಹೊರಡುತ್ತೀರಿ, ಹೇಗೆ ತಲುಪುತ್ತೀರಿ, ರಾತ್ರಿ ಎಲ್ಲಿ ಮಲಗುತ್ತೀರಿ ಎಂಬ ಮೂರು ಪ್ರಶ್ನೆಗೆ ಉತ್ತರ ಸಿಕ್ಕರೆ ಲೆಕ್ಕ ತಾನಾಗಿ ಇಳಿಯುತ್ತದೆ. ನಾಗದ್ವಾರಿಯ ಯಾತ್ರಿಕರು ಈ ಮೂರನ್ನೂ ತಲೆಮಾರುಗಳ ಹಿಂದೆಯೇ ಬಗೆಹರಿಸಿಕೊಂಡಿದ್ದಾರೆ.

ಕನ್ನಡಿಗರಾದ ನಮಗೂ ಇಂಥ ನಡಿಗೆ ಹೊಸದೇನಲ್ಲ. ಯುಗಾದಿಯ ಹೊತ್ತಿಗೆ ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯಿಂದ ಶ್ರೀಶೈಲಕ್ಕೆ ನಡೆದು ಹೋಗುವವರು ನಲ್ಲಮಲದ ಕಾಡನ್ನು ಕಾಲ್ನಡಿಗೆಯಲ್ಲೇ ದಾಟುತ್ತಾರೆ. ಭೀಮನ ಕೊಳ್ಳದ ಕಡಿದಾದ ಏರನ್ನು ಅವರು ಹತ್ತುವುದು ಸಾದಾ ಚಪ್ಪಲಿಯಲ್ಲಿ, ಹೆಗಲ ಮೇಲಿನ ರೊಟ್ಟಿಯ ಗಂಟಿನೊಡನೆ. ದಾರಿಯ ಊರುಗಳ ದಾಸೋಹ ಅವರನ್ನು ಸಾಕುತ್ತದೆ. ಆ ಪಾದಯಾತ್ರೆ ಮಾಡಿದ ಅಜ್ಜ ಅಜ್ಜಿ ಮನೆಯಲ್ಲಿದ್ದರೆ, ಚಾರಣದ ಬಗ್ಗೆ ಮೊದಲು ಅವರ ಬಳಿ ಕೂತು ಕೇಳಿ.

ಇನ್ನು ನಾಗಪುರದ ನೆಲಕ್ಕೆ ಬರೋಣ. ಬ್ರಿಟಿಷರ ಕಾಲದ ಭೂಮಾಪನದವರು ನಿಲ್ಲಿಸಿದ ಶೂನ್ಯ ಮೈಲಿಯ ಕಂಬ ಇರುವ ಈ ಊರು ಸಮುದ್ರಮಟ್ಟಕ್ಕಿಂತ ಸುಮಾರು 311 ಮೀಟರ್ ಎತ್ತರದಲ್ಲಿದೆ. ಬೇಸಿಗೆಯಲ್ಲಿ ಪಾದರಸ 45 ಡಿಗ್ರಿ ದಾಟುತ್ತದೆ. ಉತ್ತರಕ್ಕೆ ಗೋಡೆಯಾಗಿ ನಿಂತ ಸಾತ್ಪುಡಾದ ಅತಿ ಎತ್ತರದ ಶಿಖರ ಪಚಮಢಿಯ ಧೂಪಗಢ, 1,352 ಮೀಟರ್. ಸಾವಿರ ಮೀಟರ್ ಏರಿದರೆ ಆರರಿಂದ ಏಳು ಡಿಗ್ರಿ ತಂಪು ಸಿಗುತ್ತದೆ. ಮಧ್ಯಪ್ರಾಂತ್ಯದ ಬ್ರಿಟಿಷ್ ಸರಕಾರ ಬೇಸಿಗೆ ಬಂತೆಂದರೆ ನಾಗಪುರ ಬಿಟ್ಟು ಪಚಮಢಿಗೆ ದಫ್ತರು ಹೊರುತ್ತಿದ್ದುದು ಇದೇ ತಂಪಿಗಾಗಿ.

ವಾರಾಂತ್ಯದಲ್ಲಿ ಹೋಗಿಬರಬಹುದಾದ ಬೆಟ್ಟಗಳು ಮೂರು ಕಡೆ ಇವೆ: ಪಶ್ಚಿಮಕ್ಕೆ ಮೇಳಘಾಟಿನ ಚಿಖಲದರಾ, ಉತ್ತರಕ್ಕೆ ತಾಮಿಯಾ ಮತ್ತು ಪಾತಾಲಕೋಟ್, ಅದರಾಚೆ ಪಚಮಢಿ. ತಾಮಿಯಾ ಸ್ವಲ್ಪ ಹತ್ತಿರ. ಉಳಿದೆರಡು ನಾಗಪುರದಿಂದ ಇನ್ನೂರಿಪ್ಪತ್ತರಿಂದ ಇನ್ನೂರೈವತ್ತು ಕಿಲೋಮೀಟರಿನ ಆಸುಪಾಸು. ಒಂದೇ ವಾರಾಂತ್ಯದಲ್ಲಿ ಎರಡನ್ನು ನೋಡುತ್ತೇನೆಂದು ಹೊರಟರೆ ಪೂರ್ತಿ ಸಮಯ ರಸ್ತೆಯ ಮೇಲೆಯೇ ಕಳೆಯುತ್ತದೆ, ಪೆಟ್ರೋಲೂ ಉರಿಯುತ್ತದೆ. ಒಂದನ್ನು ಆರಿಸಿ.

ಕುಟುಂಬ ಸಮೇತ, ಅದರಲ್ಲೂ ಹೆಣ್ಣುಮಕ್ಕಳು ಹೆಚ್ಚಿರುವ ತಂಡಕ್ಕೆ ಚಿಖಲದರಾ ಅಗ್ಗ. ಕಾರಣ ಸರಳ: ಅದು ಮಹಾರಾಷ್ಟ್ರದಲ್ಲಿದೆ. 2023ರ ಮಾರ್ಚ್‌ನಿಂದ ರಾಜ್ಯದೊಳಗಿನ ಎಸ್.ಟಿ. ಬಸ್ಸುಗಳಲ್ಲಿ ಮಹಿಳೆಯರಿಗೆ ಅರ್ಧ ಟಿಕೆಟು. 75 ವರ್ಷ ದಾಟಿದ ಹಿರಿಯರಿಗೆ 2022ರಿಂದಲೇ ಪ್ರಯಾಣ ಉಚಿತ. ನಮ್ಮ ಶಕ್ತಿ ಯೋಜನೆಗಿಂತ ಕೆಲವು ತಿಂಗಳು ಮೊದಲೇ ಬಂದ ಈ ರಿಯಾಯಿತಿಯಿಂದ ವಿದರ್ಭದ ಹೆಂಗಸರು ತಾವಾಗಿಯೇ ಗುಂಪು ಕಟ್ಟಿಕೊಂಡು ಬೆಟ್ಟ, ದೇವಸ್ಥಾನ ನೋಡಲು ಹೊರಡುತ್ತಿದ್ದಾರೆ. ಅಮರಾವತಿ, ಪರತವಾಡಾ ಮಾರ್ಗವಾಗಿ ಬಸ್ಸು ಬದಲಿಸಿಕೊಂಡು ಘಾಟಿ ಹತ್ತಬೇಕು. ಮಧ್ಯಪ್ರದೇಶದ ಕಡೆ ಈ ಸವಲತ್ತಿಲ್ಲ. ಅಲ್ಲಿನ ಸರಕಾರಿ ಸಾರಿಗೆ ಸಂಸ್ಥೆಯೇ 2005ರಲ್ಲಿ ಮುಚ್ಚಿಹೋಗಿ, ಖಾಸಗಿ ಬಸ್ಸುಗಳನ್ನು ನೆಚ್ಚಬೇಕಾಗಿದೆ.

ಚಿಖಲದರಾ 1,118 ಮೀಟರ್ ಎತ್ತರದಲ್ಲಿದೆ, ವಿದರ್ಭದ ಏಕೈಕ ಗಿರಿಧಾಮ. ಮಹಾರಾಷ್ಟ್ರದಲ್ಲಿ ಕಾಫಿ ಬೆಳೆಯುವ ಊರೆಂದೇ ಇದರ ಹೆಸರು. ಭೀಮ ಕೀಚಕನನ್ನು ಕೊಂದು ಕಣಿವೆಗೆಸೆದದ್ದು ಇಲ್ಲೇ ಎಂಬ ನಂಬಿಕೆಯಿದೆ. ಕೈ ತೊಳೆದ ಜಾಗವೆಂದು ಭೀಮಕುಂಡವನ್ನು ತೋರಿಸುತ್ತಾರೆ. ಆದರೆ ಕನ್ನಡಿಗರು ಹೊತ್ತು ಕೊಟ್ಟು ನಡೆಯಬೇಕಾದದ್ದು ಪಕ್ಕದ ಗಾವಿಲಗಢ ಕೋಟೆಯಲ್ಲಿ. ಇದನ್ನು 1425ರ ಸುಮಾರಿಗೆ ಕಟ್ಟಿಸಿದವನು ಬಹಮನಿ ಸುಲ್ತಾನ ಅಹ್ಮದ್ ಶಾಹ. ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ಕೊಂಡೊಯ್ದವನೂ ಅವನೇ. ಬೀದರ್ ಕೋಟೆ ನೋಡಿದವರಿಗೆ ಇಲ್ಲಿನ ಬುರುಜು, ಬಾಗಿಲುಗಳ ಗತ್ತು ಪರಿಚಿತ ಅನ್ನಿಸುತ್ತದೆ. 1803ರ ಡಿಸೆಂಬರ್ 15ರಂದು ಆರ್ಥರ್ ವೆಲ್ಲೆಸ್ಲಿಯ ಬ್ರಿಟಿಷ್ ಸೇನೆ ಈ ಕೋಟೆಯನ್ನು ನಾಗಪುರದ ಭೋಂಸಲೆಯವರಿಂದ ಕಿತ್ತುಕೊಂಡಿತು. ನಾಲ್ಕು ವರ್ಷ ಹಿಂದೆ ಶ್ರೀರಂಗಪಟ್ಟಣ ಬಿದ್ದಾಗ ಅಲ್ಲಿದ್ದ ಅದೇ ವೆಲ್ಲೆಸ್ಲಿ. ಆ ದಂಡಯಾತ್ರೆಯಲ್ಲಿ ಮೈಸೂರಿನ ಕುದುರೆ ಪಡೆಯೂ ಅವನ ಜೊತೆಗಿತ್ತು. ಕೋಟೆಯ ಉತ್ತರದ ಬದಿಗೆ ಭಾರದ ಫಿರಂಗಿಗಳನ್ನು ಕಾಡುಬೆಟ್ಟಗಳ ನಡುವೆ ದಿನಗಟ್ಟಲೆ ಎಳೆದು ತಂದರು ಎಂದು ಓದಿಕೊಂಡು ಹೋಗಿ, ಆ ದಿಕ್ಕಿನ ಕಣಿವೆಯತ್ತ ನೋಡಿದರೆ ಎದೆ ಝಲ್ಲೆನ್ನುತ್ತದೆ.

ಕೋಟೆ ಮೇಳಘಾಟ್ ಹುಲಿ ಸಂರಕ್ಷಿತ ಪ್ರದೇಶದೊಳಗೆ ಬರುತ್ತದೆ. 1973ರಲ್ಲಿ ದೇಶದಲ್ಲಿ ಮೊದಲು ಆರಿಸಿದ ಒಂಬತ್ತು ಹುಲಿ ಕಾಡುಗಳಲ್ಲಿ ನಮ್ಮ ಬಂಡೀಪುರದ ಜೊತೆ ಮೇಳಘಾಟವೂ ಇತ್ತು. ಹುಲಿಯ ಕಾಡಾದ್ದರಿಂದ ಹಗಲು ನಡೆದು, ಸಂಜೆಯೊಳಗೆ ಹೊರಬರಬೇಕು. ಅರಣ್ಯ ಇಲಾಖೆ ಸೇಮಾಡೋಹದಲ್ಲಿ ಸಾಮೂಹಿಕ ವಸತಿ ನಡೆಸುತ್ತದೆ. ಸಿಪನಾ ನದಿಯ ದಡದ ಆ ಜಾಗ ಖಾಸಗಿ ರೆಸಾರ್ಟುಗಳಿಗಿಂತ ಕಡಿಮೆ ದರದ್ದು, ಕಾಡಿಗೆ ಹತ್ತಿರದ್ದು. ಮೊದಲೇ ಕಾಯ್ದಿರಿಸಿಕೊಂಡು ಹೋಗಬೇಕು.

ತಾಮಿಯಾದ ಕಥೆ ಬೇರೆ. ಟೆಂಟಿನಲ್ಲೇ ಮಲಗಬೇಕು ಎಂದು ಹಟ ಹಿಡಿದವರಿಗೆ ನಾನು ಹೇಳುವುದು ಈ ಊರನ್ನು. ಸೌಸರ್ ಸುತ್ತಿನ ಕಿತ್ತಳೆ ತೋಟಗಳನ್ನು ಹಾದು, ಘಾಟಿ ಹತ್ತಿ ಛಿಂದವಾಡಾ ಸೇರಿ, ಅಲ್ಲಿಂದ ಪಚಮಢಿಯ ರಸ್ತೆಯಲ್ಲೇ ಮುಂದುವರಿದರೆ ತಾಮಿಯಾ ಸಿಗುತ್ತದೆ. ಅಂಚಿನಲ್ಲಿ ನಿಂತರೆ ಸಾಲುಸಾಲು ಬೆಟ್ಟ. ಅಲ್ಲಿಂದ ಮುಂದೆ, ಛಿಂದಿ ಊರಿನ ಬಳಿ ಭೂಮಿ ಒಮ್ಮೆಲೇ ಕುಸಿದಂತೆ ಪಾತಾಲಕೋಟ್ ಕಣಿವೆ ತೆರೆದುಕೊಳ್ಳುತ್ತದೆ. 79 ಚದರ ಕಿಲೋಮೀಟರಿನ ಈ ಕುಳಿಯಲ್ಲಿ ಭಾರಿಯಾ ಮತ್ತು ಗೊಂಡ ಜನರ ಹನ್ನೆರಡು ಹಳ್ಳಿಗಳಿವೆ. ದೂಧೀ ನದಿ ಇಲ್ಲೇ ಹರಿಯುತ್ತದೆ. ಈಗ ಕೆಲವು ಹಳ್ಳಿಗಳಿಗೆ ರಸ್ತೆ ಇಳಿದಿದೆಯಾದರೂ, ಹಳೆಯ ಕಾಲುದಾರಿಯಲ್ಲಿ ಸಾವಿರ ಅಡಿಗೂ ಹೆಚ್ಚು ಇಳಿದು ಮತ್ತೆ ಹತ್ತುವುದು ಒಂದು ದಿನದ ಒಳ್ಳೆಯ ಚಾರಣ.

ಪಾತಾಲಕೋಟನ್ನು ‘ಹೊರಜಗತ್ತು ಕಾಣದ ಜನರ ಕಣಿವೆ’ ಎಂದು ಮಾರುವ ಬರಹಗಳನ್ನು ನಂಬಬೇಡಿ. ಅಲ್ಲಿನವರು ಸಂತೆಗೆ ಬರುತ್ತಾರೆ, ಮಕ್ಕಳು ಶಾಲೆಗೆ ಹೋಗುತ್ತಾರೆ, ಯುವಕರು ದೂರದ ಊರುಗಳಿಗೆ ದುಡಿಮೆಗೆ ಹೋಗಿ ಬರುತ್ತಾರೆ. ಅರಣ್ಯ ಹಕ್ಕು ಕಾಯ್ದೆಯಡಿ ಈ ಕಣಿವೆಯ ಮೇಲೆ ಭಾರಿಯಾ ಸಮುದಾಯದ ಆವಾಸದ ಹಕ್ಕಿಗೆ ಮಾನ್ಯತೆ ಸಿಕ್ಕಿದೆ. ಅಂದರೆ ನೀವು ಕಾಲಿಡುವುದು ಇನ್ನೊಬ್ಬರ ಮನೆಯಂಗಳಕ್ಕೆ. ಕೇಳದೆ ಟೆಂಟು ಹೊಡೆಯುವುದು, ಕೇಳದೆ ಫೋಟೊ ತೆಗೆಯುವುದು ಎರಡೂ ಸಲ್ಲ. ತಾಮಿಯಾ ಸುತ್ತಿನ ಹಳ್ಳಿಗಳಲ್ಲಿ ಮನೆಮಂದಿಯೇ ನಡೆಸುವ ಹೋಂಸ್ಟೇಗಳಿವೆ. ಅಂಥ ಮನೆಯ ಯಜಮಾನರನ್ನು ‘ದಾದಾ’ ಎಂದು ಕರೆದು, ಅಂಗಳದಲ್ಲಿ ಡೇರೆ ಹಾಕಿಕೊಳ್ಳಲೇ ಎಂದು ಕೇಳಿ, ಜಾಗಕ್ಕೂ ಊಟಕ್ಕೂ ಇಷ್ಟೆಂದು ಮೊದಲೇ ಮಾತಾಡಿ. ರಾತ್ರಿ ಊಟಕ್ಕೆ ಮೆಕ್ಕೆಜೋಳದ ರೊಟ್ಟಿಯೋ ಸಾಮೆಯ ಅನ್ನವೋ ಸಿಗುತ್ತದೆ. ನಮ್ಮ ಒಣಭೂಮಿಯ ಅಜ್ಜಿಯರು ಬೇಯಿಸುತ್ತಿದ್ದ ಸಾಮೆ, ಹಾರಕ ಇಲ್ಲಿನ ಹೊಲಗಳಲ್ಲಿ ಇನ್ನೂ ಉಳಿದಿವೆ. ಹೊರಡುವಾಗ ಎರಡು ಕಿಲೋ ಸಾಮೆ, ಒಂದಿಷ್ಟು ಚಾರೋಳಿ ಕೊಂಡುಕೊಳ್ಳಿ; ನಾಗಪುರದ ಅಂಗಡಿಗಿಂತ ಕಡಿಮೆಗೆ ಸಿಗುತ್ತದೆ, ಹಣ ನೇರ ಬೆಳೆದವರ ಕೈ ಸೇರುತ್ತದೆ.

ಟೆಂಟಿನ ವಿಷಯ ಇಲ್ಲೇ ಮುಗಿಸಿಬಿಡುತ್ತೇನೆ. ಕಾಡಿನ ನಡುವೆ, ಹೊಳೆಯ ಪಕ್ಕ, ಬೆಂಕಿ ಹಾಕಿಕೊಂಡು ರಾತ್ರಿ ಕಳೆಯುವ ಚಿತ್ರಗಳು ಮನಸ್ಸಿನಲ್ಲಿದ್ದರೆ ಅಳಿಸಿಬಿಡಿ. 1927ರ ಭಾರತೀಯ ಅರಣ್ಯ ಕಾಯ್ದೆಯ ಪ್ರಕಾರ ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚುವುದು ಅಪರಾಧ. 1972ರ ವನ್ಯಜೀವಿ ಕಾಯ್ದೆ ಅಭಯಾರಣ್ಯದೊಳಗೆ ಅನುಮತಿಯಿಲ್ಲದೆ ಕಾಲಿಡುವುದನ್ನೂ ತಡೆಯುತ್ತದೆ. ಇದು ಕಾಗದದ ಮೇಲಿನ ಕಟ್ಟಳೆ ಅಷ್ಟೇ ಎಂದುಕೊಳ್ಳಬೇಡಿ. ಈ ಬೆಟ್ಟಗಳು ಹುಲಿ, ಚಿರತೆ, ಕರಡಿ ಓಡಾಡುವ ಜಾಗ. 2024ರ ಜನವರಿ ಕೊನೆಯ ರಜೆಯಲ್ಲಿ ಕುಮಾರ ಪರ್ವತದ ಮೇಲೆ ಸಾವಿರಾರು ಜನ ಒಟ್ಟಿಗೆ ನೆರೆದು, ಕರ್ನಾಟಕ ಸರಕಾರ ಚಾರಣವನ್ನೇ ಕೆಲಕಾಲ ನಿಲ್ಲಿಸಿ ಆನ್‌ಲೈನ್ ಕಾಯ್ದಿರಿಸುವಿಕೆ ಕಡ್ಡಾಯ ಮಾಡಿದ್ದನ್ನು ನೆನೆಯಿರಿ. ಬೆಟ್ಟ ಎಲ್ಲರಿಗೂ ತೆರೆದಿರಬೇಕು ಎಂದು ಬಯಸುವವರೇ ಮೊದಲು ಈ ಕಟ್ಟಳೆ ಪಾಲಿಸಬೇಕು ಎಂಬುದು ನನ್ನ ಗಟ್ಟಿ ನಂಬಿಕೆ. ಬೇಕಾಬಿಟ್ಟಿ ನಡೆದುಕೊಂಡರೆ ಮುಚ್ಚುವ ಬಾಗಿಲು ಮೊದಲು ತಟ್ಟುವುದು ದುಡ್ಡಿಲ್ಲದವರಿಗೆ. ದುಡ್ಡಿದ್ದವರು ಹೇಗೋ ರೆಸಾರ್ಟಿನ ಹಿಂಬಾಗಿಲಿನಿಂದ ಬೆಟ್ಟ ನೋಡುತ್ತಾರೆ.

ಮೊದಲ ಬಾರಿ ಹೊರಡುವ ಗಟ್ಟಿಮುಟ್ಟಾದ ತಂಡಕ್ಕೆ ನನ್ನ ಆಯ್ಕೆ ಪಚಮಢಿ, ನವೆಂಬರಿನಿಂದ ಫೆಬ್ರುವರಿಯೊಳಗೆ. ಹೋಗುವುದು ರೈಲಿನಲ್ಲಿ. ಅಮರಾವತಿಯಿಂದ ಜಬಲ್ಪುರಕ್ಕೆ ಹೋಗುವ ಎಕ್ಸ್‌ಪ್ರೆಸ್ ರಾತ್ರಿ ನಾಗಪುರ ಹಾದು, ಬೈತೂಲಿನ ಆಚೆ ಸಾತ್ಪುಡಾದ ಘಾಟಿಗಳನ್ನು ಇಳಿದು, ಇಟಾರ್ಸಿಯ ಮೂಲಕ ಪಿಪರಿಯಾ ಮುಟ್ಟುತ್ತದೆ. ಶುಕ್ರವಾರ ರಾತ್ರಿ ಸ್ಲೀಪರಿನಲ್ಲಿ ಮಲಗಿದರೆ ಒಂದು ರಾತ್ರಿಯ ಕೋಣೆ ಬಾಡಿಗೆ ಉಳಿಯಿತು, ಮರುದಿನ ನಡೆಯಲು ಮೈಯೂ ಹಗುರ. ಪಿಪರಿಯಾದಿಂದ ಪಚಮಢಿ ಐವತ್ತು ಕಿಲೋಮೀಟರು ಚಿಲ್ಲರೆ. ನಿಲ್ದಾಣದ ಹೊರಗೆ ಬಸ್ಸೂ ಇದೆ, ತಲಾ ಇಷ್ಟೆಂದು ತುಂಬಿಸಿಕೊಂಡು ಹೊರಡುವ ಜೀಪೂ ಇದೆ. ಘಾಟಿ ಹತ್ತುವಾಗ ಬೆಳಕು ಹರಿದಿರುತ್ತದೆ. ತೇಗದ ಕಾಡು ಹಿಂದೆ ಸರಿದು ಸಾಲ ವೃಕ್ಷಗಳ ತೋಪು ಬಂತೆಂದರೆ ಊರು ಹತ್ತಿರವಾಯಿತು. ಉತ್ತರ ಪೂರ್ವದ ಸಾಲ, ದಕ್ಷಿಣದ ತೇಗ ಎರಡೂ ಒಂದನ್ನೊಂದು ಸಂಧಿಸುವ ಅಪರೂಪದ ಬೆಟ್ಟವಿದು.

ಮಲೆನಾಡಿನವರಿಗೆ ಇಲ್ಲೊಂದು ನೆಂಟಸ್ತಿಕೆಯೂ ಇದೆ. ನಮ್ಮ ಘಟ್ಟದ ಮರಗಳ ತುದಿಯಲ್ಲಿ ಹಾರಾಡುವ ಉದ್ದ ಬಾಲದ ದೊಡ್ಡ ಕೆಂಪು ಅಳಿಲು ಸಾತ್ಪುಡಾದಲ್ಲೂ ಇದೆ. ಪ್ರಾಣಿವಿಜ್ಞಾನಿ ಸುಂದರ್‌ಲಾಲ್ ಹೋರಾ 1940ರ ದಶಕದಲ್ಲಿ, ಈಶಾನ್ಯದ ಬೆಟ್ಟಹೊಳೆಗಳ ಮೀನುಗಳು ಸಾತ್ಪುಡಾದ ಸಾಲನ್ನೇ ಸೇತುವೆ ಮಾಡಿಕೊಂಡು ಪಶ್ಚಿಮಘಟ್ಟ ತಲುಪಿರಬೇಕು ಎಂದು ವಾದಿಸಿದ್ದರು. ವಿಜ್ಞಾನಿಗಳು ಆ ಬಗ್ಗೆ ಇಂದಿಗೂ ಚರ್ಚಿಸುತ್ತಿದ್ದಾರೆ. ಪಚಮಢಿಯ ಹಳ್ಳವೊಂದರ ಪಕ್ಕ, ಮರದಷ್ಟೆತ್ತರ ಬೆಳೆದ ಜರೀಗಿಡದ ಕೆಳಗೆ ನಿಂತಾಗ ಆಗುಂಬೆ ನೆನಪಾಗುವುದಂತೂ ನಿಜ.

ಪಚಮಢಿಯಲ್ಲಿ ಹಣ ಸೋರಿಹೋಗುವ ತೂತು ಒಂದೇ: ಜಿಪ್ಸಿ ಬಾಡಿಗೆ. ಇಡೀ ದಿನಕ್ಕೆ ಜಿಪ್ಸಿ ಹಿಡಿದು ಹತ್ತು ‘ಪಾಯಿಂಟು’ಗಳನ್ನು ಮುಟ್ಟಿ ಬರುವ ರೂಢಿ ಇಲ್ಲಿ ಬೇರೂರಿದೆ. ಅದರಲ್ಲಿ ಖರ್ಚಿಗೆ ಖರ್ಚು, ನಡಿಗೆಯೂ ಇಲ್ಲ. ಜಟಾಶಂಕರ ಗುಹೆ, ಪಾಂಡವರ ಗುಹೆ ಊರಿನ ಅಂಚಿನಲ್ಲೇ ಇವೆ. ಬಾಡಿಗೆ ಸೈಕಲ್ ಸಿಗುತ್ತದೆ, ಕಾಲ್ನಡಿಗೆಯಲ್ಲೂ ಮುಗಿಯುತ್ತದೆ. ಕ್ಯಾಪ್ಟನ್ ಜೇಮ್ಸ್ ಫೋರ್ಸಿತ್ 1862ರಲ್ಲಿ ಕಟ್ಟಿದ ಬೈಸನ್ ಲಾಡ್ಜ್ ಈಗ ವಸ್ತುಸಂಗ್ರಹಾಲಯ. ಅರಣ್ಯ ಪ್ರದೇಶದ ಜಾಗಗಳಿಗೆ ಬೇಕಾದ ಪರವಾನಗಿಯನ್ನೂ ಅಲ್ಲೇ ವಿಚಾರಿಸಿ. ಧೂಪಗಢದ ಸೂರ್ಯಾಸ್ತಕ್ಕೆ ಜಿಪ್ಸಿ ಬೇಕೇ ಬೇಕೆಂದರೆ, ಬಸ್‌ ನಿಲ್ದಾಣದಲ್ಲಿ ಇನ್ನೊಂದು ತಂಡದೊಂದಿಗೆ ಸೇರಿ ಬಾಡಿಗೆ ಹಂಚಿಕೊಳ್ಳಿ. ಅಲ್ಲಿಗೆ ಬಂದವರಲ್ಲಿ ನಾಗಪುರದವರೂ ಇರುತ್ತಾರೆ.

ಶನಿವಾರವನ್ನು ಪೂರ್ತಿ ಚೌರಾಗಢಕ್ಕೆ ಕೊಡಿ. ಊರಿನಿಂದ ಹತ್ತು ಕಿಲೋಮೀಟರಿನಷ್ಟು ದೂರದ ಮಹಾದೇವದವರೆಗೆ ಜೀಪು ಹೋಗುತ್ತದೆ. ಅಲ್ಲಿ ಬಡಾ ಮಹಾದೇವದ ಗುಹೆ, ಬಂಡೆಯ ಸಂದಿನಲ್ಲಿ ಮೈ ಹಿಡಿಮಾಡಿ ನುಸುಳಬೇಕಾದ ಗುಪ್ತ ಮಹಾದೇವ. ಅಲ್ಲಿಂದ ಕಾಲುದಾರಿ ಕಾಡಿನೊಳಗೆ ಇಳಿದು, ಏರಿ, ಕೊನೆಯಲ್ಲಿ ಸಾವಿರಕ್ಕೂ ಮಿಕ್ಕ ಮೆಟ್ಟಿಲಾಗಿ 1,300 ಮೀಟರ್ ದಾಟಿದ ಶಿಖರಕ್ಕೆ ಮುಟ್ಟುತ್ತದೆ. ಹತ್ತಿಳಿಯಲು ನಾಲ್ಕೈದು ಗಂಟೆ ಹಿಡಿಯುತ್ತದೆ. ಮೇಲೆ ಶಿವನ ಗುಡಿ. ಅದರ ಸುತ್ತ ಭಕ್ತರು ಹರಕೆಯಾಗಿ ಒಪ್ಪಿಸಿದ ತ್ರಿಶೂಲಗಳ ರಾಶಿ, ಗೇಣುದ್ದದವು, ಆಳೆತ್ತರದವು, ಒಬ್ಬರಿಂದ ಎತ್ತಲಾಗದಂಥವು. ಮಹಾಶಿವರಾತ್ರಿಯ ಜಾತ್ರೆಗೆ ಇವನ್ನು ಹೆಗಲ ಮೇಲೆ ಹೊತ್ತು ತರುವವರಲ್ಲಿ ಹೆಚ್ಚಿನವರು ವಿದರ್ಭದವರು. ಬೆನ್ನಚೀಲ ಭಾರವೆಂದು ಗೊಣಗುವ ಮನಸ್ಸಾದಾಗ ಆ ಕಬ್ಬಿಣದ ತೂಕವನ್ನು ಕೈಯಲ್ಲಿ ಹಿಡಿದು ನೋಡಬೇಕು. ಜಾತ್ರೆಯ ದಿನಗಳಲ್ಲಿ ಚಾರಣಕ್ಕೆಂದು ಹೋಗಬೇಡಿ. ದಾರಿ ಯಾತ್ರಿಕರದ್ದು, ಕೋಣೆಯ ಬೆಲೆಯೂ ಕೈಗೆಟುಕದು. ಹರಕೆ ಹೊತ್ತು ಹೋಗುವುದಾದರೆ ಮಾತು ಬೇರೆ.

ಭಾನುವಾರ ಬೆಳಿಗ್ಗೆ ಬೀ ಫಾಲ್‌ವರೆಗೆ ಸೈಕಲ್, ಅಲ್ಲಿಂದ ಜಲಪಾತದ ಬುಡಕ್ಕೆ ಇಳಿಜಾರಿನ ಮೆಟ್ಟಿಲು, ಮಧ್ಯಾಹ್ನ ಊಟ ಮುಗಿಸಿ ಛಿಂದವಾಡಾ ಮಾರ್ಗದ ಬಸ್ಸು ಹಿಡಿದರೆ ರಾತ್ರಿ ಮಲಗುವ ಹೊತ್ತಿಗೆ ನಾಗಪುರ. ಸೋಮವಾರ ಕಚೇರಿಗೂ ಹೋಗಬಹುದು, ಕಾಲು ನೋಯುತ್ತಿರುತ್ತದೆ ಅಷ್ಟೇ.

ಹೊದಿಕೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹೆಚ್ಚಿನವರು ನಡುಗುವುದು ಇಲ್ಲೇ. ಡಿಸೆಂಬರ್, ಜನವರಿಯಲ್ಲಿ ಪಚಮಢಿ ಮಧ್ಯಪ್ರದೇಶದ ಅತಿ ಚಳಿಯ ಊರುಗಳಲ್ಲೊಂದು. ಒಂದಂಕಿಯ ಉಷ್ಣಾಂಶ ಅಲ್ಲಿ ಮಾಮೂಲು. ತಾಮಿಯಾದ ಅಂಗಳದಲ್ಲೂ ಬೆಳಗಿನ ಜಾವ ಹಲ್ಲು ಕಟಕಟ ಎನ್ನುತ್ತವೆ. ಡೇರೆಯಲ್ಲಿ ಮಲಗುವವರು ಮೇಲೆ ಹೊದೆಯುವುದರ ಬಗ್ಗೆಯೇ ಯೋಚಿಸುತ್ತಾರೆ, ಆದರೆ ಮೈಯ ಬಿಸಿಯನ್ನು ಹೀರುವುದು ಕೆಳಗಿನ ನೆಲ. ಮೊದಲು ತಾಡಪತ್ರಿ, ಅದರ ಮೇಲೆ ವ್ಯಾಯಾಮಕ್ಕೆ ಬಳಸುವ ಫೋಮಿನ ಚಾಪೆ, ಅದರ ಮೇಲೆ ಮನೆಯ ಕೌದಿಯನ್ನು ಎರಡು ಮಡಿಕೆ ಮಾಡಿ ಹಾಸಿದರೆ ಅರ್ಧ ಚಳಿ ಅಲ್ಲೇ ನಿಂತಿತು. ಹಳೇ ಸೀರೆಗಳನ್ನು ಪದರ ಪದರವಾಗಿ ಹೊಲಿದ ನಮ್ಮ ಕೌದಿಯ ಗುಣವೇ ಅದು: ಪದರಗಳ ನಡುವೆ ಗಾಳಿ ಹಿಡಿದಿಟ್ಟು ಬೆಚ್ಚಗಿಡುತ್ತದೆ. ಮೇಲೆ ಕಂಬಳಿ, ಕಿವಿಗೆ ಟೋಪಿ, ಕಾಲಿಗೆ ಒಣ ಕಾಲುಚೀಲ. ನಡೆದಾಗ ಬೆವೆತ ಅಂಗಿಯಲ್ಲೇ ಮಲಗಬಾರದು. ಕೌದಿಗೆ ತೂಕ ಹೆಚ್ಚು, ಅದನ್ನು ಹೊತ್ತು ಬೆಟ್ಟ ಹತ್ತಲಾಗದು ಎಂಬುದು ನಿಜ. ಬಸ್ಸು ಇಳಿದು ಮಲಗುವ ಜಾಗದವರೆಗೆ ಮಾತ್ರ ಹೊರುವುದಾದ್ದರಿಂದ ಈ ಯೋಜನೆಯಲ್ಲಿ ಆ ತೊಂದರೆಯಿಲ್ಲ. ಡೇರೆಯನ್ನು ಕೊಳ್ಳುವ ಬದಲು ಮೊದಲ ಸಲ ಬಾಡಿಗೆಗೆ ತನ್ನಿ. ಇಬ್ಬರ ಡೇರೆ ಎಂದು ಬರೆದದ್ದರಲ್ಲಿ ಸಾಮಾನು ಸಮೇತ ಇಬ್ಬರು ಹಿಡಿಯುವುದು ಕಷ್ಟ.

ಬುತ್ತಿಯ ವಿಷಯದಲ್ಲಿ ಉತ್ತರ ಕರ್ನಾಟಕದವರು ಅದೃಷ್ಟವಂತರು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ವಾರವಾದರೂ ಕೆಡುವುದಿಲ್ಲ, ಒಲೆ ಬೇಡ, ಪಾತ್ರೆ ಬೇಡ. ಹಿಂಡಿಯ ಮೇಲೆ ಒಂದು ಚಮಚ ಎಣ್ಣೆ, ಪಕ್ಕಕ್ಕೆ ಉಳ್ಳಾಗಡ್ಡಿ ಇದ್ದರೆ ಚೌರಾಗಢದ ಮೆಟ್ಟಿಲ ಮೇಲೆ ಕೂತು ಹೊಟ್ಟೆತುಂಬ ಉಣ್ಣಬಹುದು. ಬೆಳಗಿನ ಹೊತ್ತಿಗೆ ಒಗ್ಗರಣೆ ಹಾಕಿದ ಚುರುಮುರಿ, ಬೆಲ್ಲ, ಹುರಿಗಡಲೆ. ಚಳಿಗಾಲದಲ್ಲಿ ನಾಗಪುರದ ಕಿತ್ತಳೆ ಅಗ್ಗ. ಬಾಯಾರಿಕೆಗೂ ಆಯಿತು, ದಣಿವಿಗೂ ಆಯಿತು. ಸಿಪ್ಪೆ ಮಣ್ಣಲ್ಲಿ ಕರಗುತ್ತದೆಂದು ದಾರಿಯಲ್ಲಿ ಎಸೆಯಬೇಡಿ, ಮಂಗಗಳು ಅದರ ವಾಸನೆಗೆ ಬಂದು ಮುಂದಿನ ಪ್ರವಾಸಿಯ ಚೀಲಕ್ಕೆ ಕೈ ಹಾಕುತ್ತವೆ. ಹಾಗೆಂದು ಪ್ರತಿ ಹೊತ್ತನ್ನೂ ಬುತ್ತಿಯಲ್ಲೇ ಕಳೆಯುವುದೂ ಸರಿಯಲ್ಲ. ದಿನಕ್ಕೊಂದು ಊಟವನ್ನಾದರೂ ಊರಿನ ಸಣ್ಣ ಖಾನಾವಳಿಯಲ್ಲೋ ಹಳ್ಳಿಯ ಮನೆಯಲ್ಲೋ ಮಾಡಿ. ನಾವು ನಡೆಯುವ ಊರಿಗೆ ನಮ್ಮಿಂದ ನಾಲ್ಕು ಕಾಸು ಸಿಗಲಿ.

ಈಗ ಹಣದ ಲೆಕ್ಕ. ನಾಲ್ವರು ಸೇರಿ ಸ್ವಂತ ಕಾರಿನಲ್ಲಿ ಹೊರಟರೆ ಹೋಗಿ ಬರಲು 500 ಕಿಲೋಮೀಟರು, ಲೀಟರಿಗೆ 15 ಕಿಲೋಮೀಟರಿನಂತೆ 33 ಲೀಟರ್ ಪೆಟ್ರೋಲು. ಲೀಟರಿಗೆ 105 ರೂಪಾಯಿ ಹಿಡಿದರೆ ತಲಾ ಸುಮಾರು 870 ರೂಪಾಯಿ, ಟೋಲು ಬೇರೆ. ಲೀಟರಿಗೆ 45 ಕಿಲೋಮೀಟರು ಕೊಡುವ ಬೈಕಿನಲ್ಲಿ ಇಬ್ಬರು ಹೋದರೆ ತಲಾ 600 ರೂಪಾಯಿ ಒಳಗೇ ಮುಗಿಯುತ್ತದೆ. ಚಳಿಗಾಲದ ಮಂಜು, ಲಾರಿಗಳ ಘಾಟಿರಸ್ತೆ ನೆನೆದರೆ ರಾತ್ರಿ ಬೈಕ್ ಪ್ರಯಾಣ ಬೇಡ ಎಂದೇ ಹೇಳುತ್ತೇನೆ. ರೈಲಿನಲ್ಲಿ ಹೋಗಿ ಬಸ್ಸಿನಲ್ಲಿ ಬರುವ ನನ್ನ ಯೋಜನೆಗೆ ಒಬ್ಬರಿಗೆ 2,500 ರೂಪಾಯಿ ಎತ್ತಿಡುವುದು ವಾಡಿಕೆ: ಪ್ರಯಾಣಕ್ಕೆ 900, ಅಲ್ಲಿನ ಜೀಪು, ಸೈಕಲ್, ಪರವಾನಗಿಗೆ 400, ಧರ್ಮಶಾಲೆಯಲ್ಲೋ ಹಂಚಿಕೊಂಡ ಕೋಣೆಯಲ್ಲೋ ಒಂದು ರಾತ್ರಿಗೆ 500, ಊಟಕ್ಕೆ 400, ಉಳಿದ 300 ಆಪತ್ತಿಗೆ. ದೀಪಾವಳಿ, ಕ್ರಿಸ್‌ಮಸ್, ಹೊಸ ವರ್ಷದ ವಾರಗಳಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಕಾಡು ಅದೇ, ಚಳಿಯೂ ಅದೇ, ಕೋಣೆಯ ದರ ಮಾತ್ರ ಏರಿರುತ್ತದೆ. ಜನವರಿಯ ಎರಡನೇ ಮೂರನೇ ವಾರ ನೋಡಿ.

ಉಳಿಸಬಾರದ ಹಣವೂ ಇದೆ. ಪಾತಾಲಕೋಟಿಗೆ ಇಳಿಯುವಾಗ ಊರಿನ ಒಬ್ಬರನ್ನು ದಾರಿ ತೋರಿಸಲು ಕರೆದುಕೊಳ್ಳಿ, ಅವರು ಕೇಳಿದ ಕೂಲಿಗೆ ಚೌಕಾಸಿ ಮಾಡಬೇಡಿ. ಹಿಡಿತವಿರುವ ಅಟ್ಟೆಯ ಬೂಟು, ತಲಾ ಒಂದು ಟಾರ್ಚು, ಮೂರು ಲೀಟರ್ ನೀರು ಹಿಡಿಯುವ ಸೀಸೆಗಳು ಇರಲೇಬೇಕು. ಪಚಮಢಿಯ ಬಂಡೆ ಬಾದಾಮಿಯಲ್ಲಿರುವಂತೆ ಮರಳುಗಲ್ಲು. ಮೇಲ್ಮೈ ಉದುರಿ ಸಣ್ಣ ಮರಳಾಗಿ ಕೂತಿರುತ್ತದೆ, ಒಣಗಿದಾಗಲೂ ಜಾರುತ್ತದೆ. ಕಣಿವೆಯ ಬಂಡೆಗಳ ಮೇಲೆ ಹೆಜ್ಜೇನಿನ ತಟ್ಟಿಗಳಿರುತ್ತವೆ. ಕೂಗಾಟ, ಹೊಗೆ, ಸುಗಂಧ ದ್ರವ್ಯ ಮೂರೂ ಬೇಡ.

ಮಾರ್ಚ್ ಏಪ್ರಿಲ್‌ನಲ್ಲಿ ಹೋಗುವವರು ಹಿಪ್ಪೆಯ ಕಾಲವೆಂಬುದನ್ನು ಮರೆಯಬಾರದು. ಬೆಳಗಿನ ಜಾವ ಉದುರಿದ ಹಿಪ್ಪೆ ಹೂ ಆರಿಸಲು ಗೊಂಡ, ಕೊರ್ಕು, ಭಾರಿಯಾ ಹೆಂಗಸರು ಕಾಡಿಗೆ ಹೋಗುತ್ತಾರೆ. ವರ್ಷದ ಆದಾಯದ ಒಂದು ಪಾಲು ಅವರಿಗೆ ಅದರಿಂದಲೇ. ಅದೇ ಹೂವಿಗೆ ಕರಡಿಗಳೂ ಬರುತ್ತವೆ. ಹಾಗಾಗಿ ಆ ತಿಂಗಳುಗಳಲ್ಲಿ ಬೆಳಕು ಹರಿಯುವ ಮುನ್ನ ಒಂಟಿಯಾಗಿ ಕಾಲುದಾರಿ ಹಿಡಿಯುವುದು ಅಪಾಯ. ಸೂರ್ಯ ಮೇಲೇರಿದ ಮೇಲೆ, ಮೂರ್ನಾಲ್ಕು ಜನ, ಮಾತಾಡುತ್ತಾ ನಡೆಯಿರಿ.

ಮಳೆಗಾಲದ ಸಾತ್ಪುಡಾ ಕಣ್ಣಿಗೆ ಹಬ್ಬ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ದೇಶದಲ್ಲಿ ಸಿಡಿಲಿಗೆ ಸಾಯುವವರ ಲೆಕ್ಕದಲ್ಲಿ ಮಧ್ಯಪ್ರದೇಶ ಮುಂಚೂಣಿಯಲ್ಲಿದೆ. ಬೋಳು ಶಿಖರ, ಅದರ ಮೇಲೆ ಕಬ್ಬಿಣದ ತ್ರಿಶೂಲಗಳ ರಾಶಿ: ಮೊದಲ ಗುಡುಗು ಕೇಳಿದ ಕೂಡಲೇ ಚೌರಾಗಢದಿಂದ ಇಳಿಯಬೇಕು, ಗುಡಿ ಇನ್ನು ನೂರು ಮೆಟ್ಟಿಲು ಇದ್ದರೂ ಸರಿ. ಸಿಡಿಲಿನ ಮುನ್ಸೂಚನೆಗೆ ‘ದಾಮಿನಿ’ ಎಂಬ ಸರಕಾರಿ ಆ್ಯಪ್ ಇದೆ, ಕರ್ನಾಟಕದ ‘ಸಿಡಿಲು’ ಆ್ಯಪ್ ಬಳಸಿದವರಿಗೆ ಅದು ಸುಲಭ. ಕಣಿವೆಯಲ್ಲಿ ಮೊಬೈಲ್ ಸಂಕೇತ ಕೈಕೊಡುವುದರಿಂದ ಬೆಳಿಗ್ಗೆ ಊರಲ್ಲೇ ನೋಡಿಕೊಂಡು ಹೊರಡಿ. ಹಳ್ಳದ ನೀರು ಕೆಂಪಾಗಿ, ಎಲೆ ಕಡ್ಡಿ ತೇಲಿ ಬಂದರೆ ಮೇಲೆಲ್ಲೋ ಮಳೆ ಬಿದ್ದಿದೆ ಎಂದರ್ಥ. ತಲೆಯ ಮೇಲೆ ಬಿಸಿಲಿದ್ದರೂ ಆ ನೀರಿಗಿಳಿಯಬಾರದು.

ಮಂಡಿನೋವಿನ ಅಪ್ಪ ಅಮ್ಮನನ್ನೋ ಚಿಕ್ಕ ಮಕ್ಕಳನ್ನೋ ಕರೆದುಕೊಂಡು ಇಷ್ಟೆಲ್ಲ ಆಗದು ಎನ್ನುವವರಿಗೆ ರಾಮಟೇಕ್ ಇದೆ. ನಾಗಪುರದಿಂದ ಐವತ್ತು ಕಿಲೋಮೀಟರಿನೊಳಗೆ, ಎಸ್.ಟಿ. ಬಸ್ಸಿನ ದಾರಿ, ಮೆಟ್ಟಿಲು ಹತ್ತಿದರೆ ರಾಮನ ಗುಡಿ, ವಾಕಾಟಕರ ಕಾಲದ ನರಸಿಂಹ. ಕಾಳಿದಾಸನ ಯಕ್ಷ ಮೋಡವನ್ನು ಕಂಡ ರಾಮಗಿರಿ ಇದೇ ಎಂದು ಅನೇಕ ವಿದ್ವಾಂಸರು ಗುರುತಿಸುತ್ತಾರೆ. ಬೆಟ್ಟದ ಹತ್ತಿರದ ನಗರಧನವೇ ಹಳೆಯ ನಂದಿವರ್ಧನ ಪಟ್ಟಣ. ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣ 940ರಲ್ಲಿ ಕೊಟ್ಟ ದಾನದ ತಾಮ್ರಪಟ ವರ್ಧಾ ಜಿಲ್ಲೆಯ ದೇವಳಿಯಲ್ಲಿ ಸಿಕ್ಕಿದ್ದು, ಅದರಲ್ಲಿ ‘ನಾಗಪುರ ನಂದಿವರ್ಧನ’ದ ಹೆಸರಿದೆ. ಮಾನ್ಯಖೇಟದ ಅರಸರ ಆಡಳಿತ ಈ ಬೆಟ್ಟದ ಬುಡದವರೆಗೂ ಹಬ್ಬಿತ್ತು. ಬೆಳಿಗ್ಗೆ ಏಳರ ಬಸ್ಸಿಗೆ ಹೋದರೆ ಬಿಸಿಲೇರುವ ಮುನ್ನ ಮೇಲೆ ತಲುಪಬಹುದು. ಮಧ್ಯಾಹ್ನದ ರೊಟ್ಟಿಯ ಗಂಟನ್ನು ಖಿಂಡಸಿ ಕೆರೆಯ ದಡದಲ್ಲಿ ಬಿಚ್ಚಿ, ಸಂಜೆ ಮನೆಗೆ ಮರಳಬಹುದು. ಹೆಣ್ಣುಮಕ್ಕಳಿಗೆ ಅರ್ಧ ಟಿಕೆಟು, 75 ದಾಟಿದ ಅಜ್ಜ ಅಜ್ಜಿಗೆ ಪೂರ್ತಿ ಮಾಫಿ. ಆಧಾರ್ ಕಾರ್ಡು ಮರೆಯದೆ ಜೊತೆಗಿಟ್ಟುಕೊಳ್ಳಿ, ಕಂಡಕ್ಟರು ಕೇಳುತ್ತಾರೆ.